ಊರಿಗೆ ಹೋಗುವ ಹಲ್ಲುಗಳು

ಸ್ವೀಡನ್ನಿನ ಗೋಥೆನ್‌ಬರ್ಗಿನ ಕನ್ನಡಿಗರು ಬಾಯಿ ತೆರೆಯುವುದರಲ್ಲಿ ಎಂದೂ ಹಿಂದೆ ಬಿದ್ದವರಲ್ಲ. ಯುಗಾದಿ ಊಟದ ಪಂಕ್ತಿಯಲ್ಲಿ, ಟ್ರಾಮಿನಲ್ಲಿ, ಯಾರದೋ ಮಗುವಿನ ಹುಟ್ಟುಹಬ್ಬದಲ್ಲಿ, ದಂತವೈದ್ಯೆ ಇಂದುಮತಿ ಕಣ್ಣಿಗೆ ಬಿದ್ದರೆ ಸಾಕು, ಮೊಬೈಲಿನ ಟಾರ್ಚ್ ಹಚ್ಚಿ ‘ಆ’ ಎನ್ನುತ್ತಿದ್ದರು. ಅವರು ತೆರೆಯದೆ ಬಿಟ್ಟದ್ದು ಅವಳ ಹೊಸ ಕ್ಲಿನಿಕ್ಕಿನ ಬಾಗಿಲೊಂದನ್ನೇ.

ಊರಂಚಿನ ಟೋರ್ಸ್‌ಲಾಂಡದಲ್ಲಿ ಕ್ಲಿನಿಕ್ ಹಾಕುವಾಗ ಅವಳ ಲೆಕ್ಕಾಚಾರ ಸರಳವಾಗಿತ್ತು. ಸ್ವೀಡಿಷರು ಚಿಕ್ಕಂದಿನಿಂದ ತೋರಿಸಿಕೊಂಡ ಡಾಕ್ಟರನ್ನು ಸುಲಭಕ್ಕೆ ಬಿಡುವವರಲ್ಲ, ನಿಜ. ಆದರೆ ಅಲ್ಲಿನ ಕಾರು ಕಾರ್ಖಾನೆಯ ಸುತ್ತ ಇಷ್ಟೊಂದು ನಮ್ಮವರಿದ್ದಾರೆ, ನೋವನ್ನು ಕನ್ನಡದಲ್ಲೇ ಹೇಳಿಕೊಳ್ಳಬಹುದೆಂದರೆ ಬಾರದೆ ಇರುತ್ತಾರೆಯೇ? ಬಂದರು. ಪ್ರಾರಂಭದ ಪೂಜೆಗೆ ಬಂದು, ಕೇಸರಿಬಾತ್ ಎರಡೆರಡು ಸಲ ಹಾಕಿಸಿಕೊಂಡು, ಕುರ್ಚಿಯ ಮೇಲೆ ಮಕ್ಕಳನ್ನು ಕೂರಿಸಿ ಫೋಟೊ ತೆಗೆದುಕೊಂಡು ಹೋದರು. ಆಮೇಲೆ ಪತ್ತೆಯಿಲ್ಲ. ಇಲ್ಲಿ ದೊಡ್ಡವರ ಹಲ್ಲಿನ ಖರ್ಚು ಕೈ ಸುಡುತ್ತದೆಂದು, ನೋವನ್ನೆಲ್ಲ ಕೂಡಿಟ್ಟುಕೊಂಡು ಡಿಸೆಂಬರ್ ರಜೆಯಲ್ಲಿ ಬೆಂಗಳೂರಿಗೆ ಹೊತ್ತೊಯ್ಯುವುದು ಈ ಜನರ ರೂಢಿ. ಸೂಟ್‌ಕೇಸಿನಲ್ಲಿ ಚಾಕೊಲೇಟು, ಬಾಯಲ್ಲಿ ಹುಳುಕು.

ಗಂಡ ಯೋಗೀಶ ಅದೇ ಕಾರ್ಖಾನೆಯಲ್ಲಿ ಖರ್ಚು ತಗ್ಗಿಸುವ ವಿಭಾಗದವನು. ಸಂಜೆ ಆ ಚಾಳಿಯನ್ನು ಕ್ಲಿನಿಕ್ಕಿಗೂ ತರುತ್ತಿದ್ದ. ಕಾಯುವ ಕೋಣೆಯ ಹೀಟರ್ ಇಳಿಸಿದ, ಬಾಡಿಗೆಯ ಕಾಫಿ ಮೆಷಿನ್ ವಾಪಸ್ ಕಳಿಸಿದ. ಕತ್ತರಿಸಲು ಇನ್ನು ಉಳಿದಿದ್ದವಳು ಸಹಾಯಕಿ ಅನಿಕಾ ಒಬ್ಬಳೇ.

“ಇಂದೂ, ಮಾರ್ಚ್ ತನಕ ನೋಡೋಣ. ಆಮೇಲೆ ಅವಳನ್ನ ಕಳಿಸ್ಲೇಬೇಕು.”

“ಅವಳನ್ನ ಕಳಿಸಿದ್ರೆ ಕ್ಲಿನಿಕ್ ಮುಚ್ಚಿದ ಹಾಗೇನೇ.”

ಇಂದುಮತಿಯ ಆಸೆಯೆಲ್ಲ ಕನ್ನಡ ಕೂಟದ ಅಧ್ಯಕ್ಷ ಕೆಂಚಪ್ಪನವರ ಮೇಲಿತ್ತು. ನವೆಂಬರಿನಲ್ಲಿ ಬಿಟ್ಟಿ ತಪಾಸಣೆಗೆ ಬಂದು, ಹುಳುಕು ಹಲ್ಲುಗಳ ಎಕ್ಸ್‌ರೇ ಮೊಬೈಲಿಗೆ ಹಾಕಿಸಿಕೊಂಡು, “ಊರಿಗೆ ಹೋಗಿ ಬಂದ ತಕ್ಷಣ ಶುರು ಮಾಡೋಣ ಡಾಕ್ಟ್ರೇ. ನಾನು ಬಂದ್ರೆ ಎಲ್ರೂ ಬರ್ತಾರೆ” ಎಂದು ಮೂಗಿಗೆ ತುಪ್ಪ ಸವರಿ ಹೋಗಿದ್ದರು. ಕೊನೆಯ ಮಾತಂತೂ ಸುಳ್ಳಲ್ಲ. ಅವರು ಕೊಂಡ ಕಾರನ್ನೇ ಕೂಟದ ಅರ್ಧ ಜನ ಕೊಂಡಿದ್ದರು.

ಯೋಗೀಶನೂ ಡಿಸೆಂಬರಿನಲ್ಲಿ ತಂಗಿಯ ಮದುವೆಗೆಂದು ಬೆಂಗಳೂರಿಗೆ ಹೋಗಿ ಬಂದ. ಅವನದೊಂದು ದವಡೆ ಹಲ್ಲು ಮುರಿದು ತಿಂಗಳುಗಳಾಗಿತ್ತು. ಅದಕ್ಕೆ ತಾನೇ ಕ್ಯಾಪ್ ಹಾಕಿ, ಮೊದಲು ಹೀಗಿತ್ತು ಈಗ ಹೀಗಾಯಿತು ಎಂದು ಕೂಟದ ವಾಟ್ಸ್ಯಾಪಿಗೆ ಫೋಟೊ ಬಿಡಬೇಕೆಂದು ಇಂದುಮತಿ ಕಾದಿದ್ದಳು. ಸ್ವಂತ ಗಂಡನ ಹಲ್ಲಿಗಿಂತ ದೊಡ್ಡ ಜಾಹೀರಾತು ಬೇಕೇ? ಜನವರಿಯ ಶನಿವಾರ ಅವನನ್ನು ಕುರ್ಚಿಯಲ್ಲಿ ಮಲಗಿಸಿದಳು. ಅನಿಕಾ ಕ್ಯಾಮೆರಾ ಹಿಡಿದು ನಿಂತಳು.

“ಇವತ್ತೇ ಬೇಕಾ?” ಯೋಗೀಶ ಗೊಣಗಿದ.

“ಬಾಯಿ ತೆಗಿ.”

ತೆಗೆದ. ಮುರಿದ ಹಲ್ಲಿನ ಮೇಲೆ ಹೊಚ್ಚಹೊಸ ಕ್ಯಾಪ್ ಕುಳಿತಿತ್ತು. ಇಂದುಮತಿ ಕನ್ನಡಿ ಕಡ್ಡಿ ಹಿಡಿದು ಸುತ್ತಲೂ ನೋಡಿದಳು. ಎಲ್ಲೂ ಒಂದು ಸಂದಿಲ್ಲ, ಅಚ್ಚುಕಟ್ಟಾದ ಕೆಲಸ. ಅದಕ್ಕೇ ಅವಳ ಮೈಯೆಲ್ಲ ಇನ್ನಷ್ಟು ಉರಿಯಿತು.

“ಯಾರು ಮಾಡಿದ್ದು?”

“ಜಯನಗರದಲ್ಲಿ ಒಬ್ರು, ಸುದರ್ಶನ್ ಅಂತ.” ಅವನ ದನಿ ತಗ್ಗಿತು. “ಇಲ್ಲಿ ಕ್ಯಾಪ್ ಮಾಡೋ ಲ್ಯಾಬಿನ ಬಿಲ್ ಎಷ್ಟು ಬರುತ್ತೆ ನೋಡು. ನಿನಗೇ ಉಳೀಲಿ ಅಂತ ಮಾಡಿಸ್ದೆ.”

“ಯಾರಿಗೂ ಹೇಳಿಲ್ಲ ತಾನೇ?”

“ನಾನ್ಯಾಕೆ ಹೇಳ್ಲಿ?” ಯೋಗೀಶ ಚಾವಣಿಯ ದೀಪ ನೋಡುತ್ತ ಮಲಗಿದ್ದ. “ಕೆಂಚಪ್ಪನವರು ಅಲ್ಲೇ ಸಿಕ್ಕಿದ್ರು. ಮನೆಯವರೆಲ್ಲ ಬಂದಿದ್ರು. ನೀನು ತೆಗೆದ ಎಕ್ಸ್‌ರೇನೇ ಆ ಡಾಕ್ಟ್ರಿಗೆ ತೋರಿಸ್ತಿದ್ರು.”

ಇಂದುಮತಿಗೆ ಕಣ್ಣಲ್ಲಿ ನೀರು ಬಂತು. ದುಃಖಕ್ಕಲ್ಲ, ಸಿಟ್ಟಿಗೆ.

“ನಿನ್ನ ನೋಡಿ ಏನಂದ್ರು?”

“ಮನೇಲೇ ಡಾಕ್ಟ್ರನ್ನ ಇಟ್ಕೊಂಡು ನೀವ್ಯಾಕೆ ಇಲ್ಲಿ ಅಂತ ಕೇಳಿದ್ರು.”

“ನೀನೇನಂದೆ?”

“ಏನನ್ಲಿ? ಆ ಡಾಕ್ಟ್ರು ಪಕ್ಕದಲ್ಲೇ ನಿಂತಿದ್ರು. ಇಲ್ಲಿ ಚೆನ್ನಾಗಿ ಮಾಡ್ತಾರೆ ಅಂದೆ.”

ಕನ್ನಡ ಬಾರದ ಅನಿಕಾ ಕ್ಯಾಮೆರಾ ಎತ್ತಿ, ಫೋಟೊ ತೆಗೆಯಲೇ ಎಂದು ಸ್ವೀಡಿಷಿನಲ್ಲಿ ಕೇಳಿದಳು. ಇಂದುಮತಿ ಬೇಡವೆಂದು ತಲೆಯಾಡಿಸಿದಳು. ಕೈಗವಸು ಕಳಚಿ, ಮಾರ್ಚ್ ತನಕ ಕಾಯದೆ, ನಿನ್ನ ಹತ್ತಿರ ಸ್ವಲ್ಪ ಮಾತಾಡುವುದಿದೆ, ಕೂತುಕೋ ಎಂದು ಅವಳಿಗೆ ಹೇಳಿದಳು.