ಹೆಸರು ಗೊತ್ತಿಲ್ಲದವರಿಗೊಂದು ದುವಾ

ತಿಪಟೂರಿನಲ್ಲಿ ರವಿಕೆ ಹೊಲಿಯುವ ರಹಮತುನ್ನೀಸಾಳಿಗೆ ಕೆಮ್ಮು ಹಿಡಿದಾಗ ಎಲ್ಲರೂ ಮನೆಯ ಬೆನ್ನಿಗಿದ್ದ ಕೊಬ್ಬರಿ ಮಂಡಿಯ ಧೂಳನ್ನೇ ದೂರಿದರು. ಕಷಾಯವಾಯಿತು, ಸಿರಪ್ಪಾಯಿತು, ಕ್ಷಯವಿರಬಹುದೆಂದು ಕೊಟ್ಟ ಮಾತ್ರೆಗಳೂ ಆದವು. ಕೆಮ್ಮು ಮಾತ್ರ ಜಗ್ಗಲಿಲ್ಲ. ಮೆಷಿನ್ ಮುಂದೆ ಕೂತರೆ ಒಂದು ತೋಳು ಹೊಲಿಯುವಷ್ಟರಲ್ಲಿ ಏದುಸಿರು ಬರುತ್ತಿತ್ತು.

ಕಡೆಗೆ ಗಂಡ ಇಸ್ಮಾಯಿಲ್ ಅವಳನ್ನು ರೈಲು ಹತ್ತಿಸಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ದ. ಅಲ್ಲಿ ಡಾಕ್ಟರ್ ಸಿಂಧು ಶ್ವಾಸಕೋಶದ ಕ್ಯಾನ್ಸರ್ ಎಂದಾಗ, ಬೋರ್‌ವೆಲ್ ಮೋಟಾರು ರಿಪೇರಿ ಮಾಡುವ ಆ ಗಟ್ಟಿ ಮನುಷ್ಯ ಕುರ್ಚಿಯ ಹಿಡಿ ಹಿಡಿದುಕೊಂಡ.

"ಬೀಡಿ ಸೇದೋನು ನಾನು ಕಣ್ರೀ. ಇವಳು ವಾಸನೆ ಬಂದ್ರೇನೇ ನನ್ನ ಬಾಗಿಲಾಚೆ ಕಳಿಸ್ತಾಳೆ. ಇವಳಿಗೆಂಗೆ ಬಂತು?"

"ಸೇದದೇ ಇರೋರಿಗೂ ಬರುತ್ತೆ. ಅಂಥವರಲ್ಲಿ ಕೆಲವರ ಗೆಡ್ಡೇಲಿ ಒಂದು ಗುರುತಿರುತ್ತೆ, ಬಯೋಮಾರ್ಕರ್ ಅಂತೀವಿ. ಅದು ಸಿಕ್ಕಿದ್ರೆ ಅದಕ್ಕೇ ಅಂತ ಮಾಡಿದ ಮಾತ್ರೆ ಇದೆ. ಪರೀಕ್ಷೆ ಮಾಡಿಸಿ ನೋಡೋಣ."

ಪಕ್ಕೆಯೊಳಗೆ ಉದ್ದನೆಯ ಸೂಜಿ ಇಳಿಸಿ ಗೆಡ್ಡೆಯ ಚೂರು ತೆಗೆದರು. ಅದು ಪರೀಕ್ಷೆಗೆ ಸಾಲದೆ ಮತ್ತೊಮ್ಮೆ ಚುಚ್ಚಿದರು. ಆ ನೋವಿಗಿಂತ, ಊರಿಗೆ ಮರಳಿ ಫಲಿತಾಂಶಕ್ಕೆ ಕಾದ ದಿನಗಳೇ ಅವಳಿಗೆ ಭಾರವಾದವು. ಪಕ್ಕದ ಮನೆಯ ಭೈರಮ್ಮ ಬಿಸಿ ಗಂಜಿ ತಂದು ಎದುರಿಗೇ ಕೂತು ಕುಡಿಸುತ್ತಿದ್ದಳು. "ಇಡೀ ಲೋಟ ಖಾಲಿ ಮಾಡು. ನೀನು ಮಲಗಿಬುಟ್ರೆ ನನ್ನ ಮೊಮ್ಮಗಳ ಮದುವೆ ರವಿಕೆ ಯಾರು ಹೊಲಿಯೋರು?" ಎಂದು ಗದರುತ್ತಿದ್ದಳು.

ಗುರುತು ಸಿಕ್ಕಿತು. ದಿನಕ್ಕೊಂದು ಮಾತ್ರೆ ಶುರುವಾಯಿತು. ಮೈಮೇಲೆಲ್ಲ ಗುಳ್ಳೆ ಎದ್ದವು, ಬಾಯಿ ಹುಣ್ಣಾಯಿತು. ಆದರೆ ಕೆಮ್ಮು ದಿನೇದಿನೇ ಇಳಿಯಿತು. ದಿಂಬಿಗೊರಗಿ ಕೂತೇ ರಾತ್ರಿ ಕಳೆಯುತ್ತಿದ್ದವಳು ಒಂದು ದಿನ ಬೆನ್ನು ಚಾಚಿ ಬೆಳಗಿನವರೆಗೂ ನಿದ್ದೆ ಮಾಡಿದಳು. ಮದುವೆಯ ರವಿಕೆಯನ್ನು ಅವಳೇ ಹೊಲಿದಳು, ಕುಚ್ಚು ಸಮೇತ.

"ಇದು ಕಾಯಿಲೆ ಬೇರು ಕೀಳೋಲ್ಲ, ಕಟ್ಟಿಹಾಕುತ್ತೆ ಅಷ್ಟೇ," ಎಂದು ಸಿಂಧು ಮುಚ್ಚುಮರೆಯಿಲ್ಲದೆ ಹೇಳಿದ್ದರು.

"ಕಟ್ಟಿರೋವಷ್ಟು ದಿನ ಬದುಕ್ತೀನಿ ಬುಡಿ," ಎಂದಿದ್ದಳು ರಹಮತುನ್ನೀಸಾ.

ಮುಂದೊಮ್ಮೆ ತಪಾಸಣೆಗೆ ಹೋದಾಗ ಸೂರ್ಯಪ್ರಕಾಶ್ ಎಂಬುವವರು ಬಂದು ಮಾತಾಡಿಸಿದರು. ಹೊಸ ಪರೀಕ್ಷೆ ತಯಾರಿಸುತ್ತಿದ್ದ ಕಂಪನಿಯವರು. ಪಕ್ಕೆಗೆ ಸೂಜಿ ಹಾಕದೆ, ಬರೀ ರಕ್ತದಲ್ಲೇ ಆ ಗುರುತು ಹಿಡಿಯುವ ಪ್ರಯತ್ನ ಅವರದು. ಅದಕ್ಕೆ ಅವಳ ರಕ್ತದ ಮಾದರಿ ಬೇಕಿತ್ತು.

"ಚುಚ್ಚಿಸ್ಕೊಂಡಿದ್ದು ಸಾಲ್ದಾ? ನಡಿ, ರೈಲಿಗೆ ಹೊತ್ತಾಯ್ತು," ಎಂದು ಇಸ್ಮಾಯಿಲ್ ಎದ್ದ.

ಅವಳು ಏಳಲಿಲ್ಲ. "ಇದರಿಂದ ನನಗೇನಾದ್ರೂ ಉಪಯೋಗ ಆಯ್ತದಾ ಸ್ವಾಮಿ?"

"ನಿಮಗೆ ಉಪಯೋಗವಾಗುತ್ತೆ ಅಂತ ಹೇಳಿದ್ರೆ ಸುಳ್ಳಾಗುತ್ತಮ್ಮ. ಮುಂದೆ ಬರೋರಿಗೆ ಆಗಬಹುದು. ಬೇಡ ಅಂದ್ರೂ ನಿಮ್ಮ ಚಿಕಿತ್ಸೆಗೇನೂ ತೊಂದರೆಯಿಲ್ಲ."

"ನನಗೆ ಮಾಡಿದ್ರಲ್ಲ, ಆ ಪರೀಕ್ಷೆ ಕಲಿಯಕ್ಕೆ ಚೂರು ಯಾರು ಕೊಟ್ಟಿದ್ರು?"

"ಬೇರೆ ಬೇರೆ ದೇಶದ ರೋಗಿಗಳು. ಅವರಲ್ಲಿ ಎಷ್ಟೋ ಜನ ಈ ಮಾತ್ರೆ ಬರೋ ಮೊದಲೇ ಹೋಗಿಬಿಟ್ಟರು. ಅವರ ಹೆಸರು ನಮಗೂ ಗೊತ್ತಿಲ್ಲ."

ರಹಮತುನ್ನೀಸಾ ಅವರನ್ನು ಊಹಿಸಿಕೊಳ್ಳಲು ನೋಡಿದಳು. ತಮಗೆ ಸಿಗದ ಮದ್ದಿಗಾಗಿ ತಮ್ಮ ಮೈಯ ಚೂರು ಕೊಟ್ಟು ಹೋದವರು. ಅವರ ಮುಖ ಹೇಗಿತ್ತೋ, ಮಕ್ಕಳೆಷ್ಟಿದ್ದರೋ. ಅವಳು ತೋಳಿನ ಬಟ್ಟೆ ಮೇಲಕ್ಕೆ ಸರಿಸಿದಳು. ಇಸ್ಮಾಯಿಲ್ ಗೊಣಗಿದನಾದರೂ ರಕ್ತ ತೆಗೆಯುವವರೆಗೆ ಅವಳ ಇನ್ನೊಂದು ಕೈ ಹಿಡಿದು ನಿಂತಿದ್ದ.

ಆ ಸಂಜೆ ರೈಲು ತಪ್ಪಿ ಬಸ್ಸಿನಲ್ಲಿ ಊರಿಗೆ ಬಂದರು. ನಮಾಜು ಮುಗಿಸಿ ದುವಾಕ್ಕೆ ಕೈಯೆತ್ತಿದವಳು ಮಕ್ಕಳನ್ನು, ಗಂಡನನ್ನು, ಭೈರಮ್ಮನನ್ನು, ಸಿಂಧುವನ್ನು ನೆನೆದಳು. ಆಮೇಲೆ ತಡವರಿಸಿದಳು.

"ಅವರ ಹೆಸರು ನನಗೆ ಗೊತ್ತಿಲ್ಲ, ನಿನಗೆ ಗೊತ್ತದೆ," ಎಂದಳು. "ಅವರನ್ನ ಚೆನ್ನಾಗಿಡು."