ಎರವಲು ಹಲ್ಲುಗಳು

ಮಗುವನ್ನೆತ್ತಿಕೊಂಡ ರಾಜಕೀಯ ನಾಯಕನ ಚಿತ್ರ ಕಂಡಲ್ಲಿ ವೇದವತಿಯಮ್ಮನ ಕಾಲು ತಾನಾಗಿ ನಿಲ್ಲುತ್ತದೆ. ಉಳಿದ ಹೊತ್ತೆಲ್ಲ ಬೋಟು ತಪ್ಪಿಹೋಗುತ್ತದೆಂಬಂತೆ ದಾಪುಗಾಲು ಹಾಕುವ ಈ ಮಂಗಳೂರಿನ ಹೆಂಗಸು, ಕೊಡೆಯ ತುದಿಯನ್ನು ಫ್ಲೆಕ್ಸಿಗೆ ತಾಗಿಸಿ, ಗುಲಾಬಿ, ಪಾರಿವಾಳ, ಶುಭ್ರಧವಳ ಅಂಗಿಗಳನ್ನೆಲ್ಲ ದಾಟಿ ಮಗುವಿನ ಮುಖವನ್ನೇ ಹುಡುಕುತ್ತಾರೆ. ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಕಸ್ಟಮ್ಸಿನಲ್ಲಿ ಮೂವತ್ತು ವರ್ಷ ಪೆಟ್ಟಿಗೆ ಬಿಚ್ಚಿಸಿ, ಕಾಗದದಲ್ಲಿರುವುದೇ ಒಳಗೂ ಇದೆಯೇ ಎಂದು ನೋಡಿ ನಿವೃತ್ತರಾದವರು. “ನಾಯಕ ಕ್ಯಾಮೆರಾ ನೋಡ್ತಾನೆ, ಮಗು ನಾಯಕನನ್ನು ನೋಡ್ತದೆ. ಮಗುವನ್ನು ನೋಡುವವರು ಯಾರೂ ಇಲ್ಲ” ಎನ್ನುತ್ತಾರೆ.

ಈ ಚುನಾವಣೆಯಲ್ಲಿ ತಿರುವನಂತಪುರದ ಮಗನ ಮನೆಗೆ ಹೋದಾಗ, ತಂಪಾನೂರಿನ ಬಸ್ ನಿಲ್ದಾಣದೆದುರು ಅವರಿಗೆ ಕಂಡದ್ದು ಸ್ವಂತ ಮೊಮ್ಮಗಳು, ಆರು ವರ್ಷದ ಕೃಪಾ. ಶಾಲೆಯ ಸಮಾರಂಭದಲ್ಲಿ ಮೂರು ಗಂಟೆ ಬಿಸಿಲಲ್ಲಿ ನಿಲ್ಲಿಸಿ, ಹನಿ ನೀರೂ ಕೊಡದೆ, ಅಳುತ್ತಿದ್ದವಳನ್ನು ಎತ್ತಿ ನಾಯಕನ ಕೈಗೆ ಕೊಟ್ಟಿದ್ದರು. ಫ್ಲೆಕ್ಸಿನಲ್ಲಿ ಆ ಅಳು ಅಳಿಸಿ ಯಾವುದೋ ಮಗುವಿನ ನಗು ಅಂಟಿಸಿದ್ದರು. ಮುಂದಿನೆರಡು ಹಲ್ಲು ಬಿದ್ದ ಬಾಯಲ್ಲಿ ಮುತ್ತಿನಂಥ ಸಾಲು! ಆ ಹಲ್ಲೆಲ್ಲಿ ಎಂದು ತರಗತಿಯವರು ಗೇಲಿಮಾಡಿದ ದಿನದಿಂದ ಹುಡುಗಿ ನಗುವುದನ್ನೇ ಬಿಟ್ಟಿದ್ದಳು. ಮಾತಾಡುವಾಗಲೂ ಬಾಯಿಗೆ ಅಂಗೈ. “ಅದು ಞಾನಲ್ಲ, ಅಜ್ಜಿ, ನಾನಲ್ಲ” ಎಂದು ಅಂಗೈಯ ಹಿಂದಿನಿಂದಲೇ ಹೇಳಿದಳು.

ಅಲ್ಲೇ ಕಳಕ್ಕೂಟಂನಲ್ಲಿ ಕೆಲಸದಲ್ಲಿರುವ ಮಗ ವಿಶ್ವಾಸ್, “ಬಿಡಿ ಅಮ್ಮ, ಎಲೆಕ್ಷನ್ ಮುಗಿದ ಮೇಲೆ ಅವರೇ ತೆಗೀತಾರೆ” ಎಂದ.

“ಅಷ್ಟರವರೆಗೆ ಅವಳು ನಗುದು ಬೇಡ್ವಾ?”

ಚಿತ್ರ ತೆಗೆಸಿ ಎಂದು ಕೇಳಲು ಹೋದರೆ ಪಕ್ಷದ ಕಚೇರಿಯವನು ಕುರ್ಚಿಯಿಂದ ಏಳಲೂ ಇಲ್ಲ. “ಚೇಚೀ, ನಗುವ ಮಗು ಅಂದರೆ ನಾಡಿನ ಭವಿಷ್ಯ. ಹಲ್ಲಿಲ್ಲದ ಭವಿಷ್ಯ ಹಾಕಲಿಕ್ಕಾಗುತ್ತದೆಯೇ?”

ವೇದವತಿಯಮ್ಮನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಮಲಯಾಳ ಮರೆತೇಹೋಯಿತು. “ನಿಮ್ಮ ಭವಿಷ್ಯ ನೀರು ಕೇಳ್ತಾ ಇತ್ತು ಮಾರಾಯ, ಕೊಟ್ರಾ?” ಎಂದವರೇ ಹೊರಬಿದ್ದರು. ಪಕ್ಕದ ಅಂಗಡಿಯಲ್ಲಿ ಕಾಗದ ಕೊಯ್ಯುವ ಚೂರಿ ಕೊಂಡು, ಕೃಪಾಳ ಕೈಹಿಡಿದು ಬಸ್ ನಿಲ್ದಾಣದೆದುರಿಗೆ ಬಂದು, ಸುಡುಮಧ್ಯಾಹ್ನ ನೂರಾರು ಜನರೆದುರು ಫ್ಲೆಕ್ಸಿನಿಂದ ಮಗುವನ್ನು ಅಂಚು ಕೆಡದಂತೆ ಕೊಯ್ದು ತೆಗೆದರು. ಅಷ್ಟು ಅಚ್ಚುಕಟ್ಟು ಕಂಡ ಜನ ಇದೂ ಸರ್ಕಾರಿ ಕೆಲಸವೇ ಇರಬೇಕೆಂದು ಸುಮ್ಮನಿದ್ದರು.

ನಾಯಕ ಈಗ ತೂತಿನಾಚೆಯ ಪಾಚಿ ಹಿಡಿದ ಗೋಡೆಯನ್ನು ಅಪ್ಪಿಕೊಂಡು ನಗುತ್ತಿದ್ದ. “ಆರುಮಿಲ್ಲ!” ಎಂದಳು ಕೃಪಾ, ಅವನ ಕೈಯಲ್ಲಿ ಈಗ ಯಾರೂ ಇಲ್ಲವೆಂದು. ಬಾಯಿಗಿಟ್ಟ ಅಂಗೈ ತೆಗೆದು, ಹಲ್ಲಿಲ್ಲದ ಜಾಗವೆಲ್ಲ ಕಾಣುವಂತೆ ನಕ್ಕಳು.

ಇಂಥವರನ್ನು ಜಗಳಗಂಟಿಯರೆಂದು ದೂರವಿಟ್ಟು, ಸುಳ್ಳೆಂದು ಗೊತ್ತಿದ್ದೂ ಆ ಚಿತ್ರದ ನೆರಳಿನಲ್ಲೇ ಬಸ್ಸು ಕಾಯುವವರು ನಾವು. ನಾಡಿನ ಭವಿಷ್ಯವನ್ನು ಕುರಿತು ವೇದವತಿಯಮ್ಮನಂಥವರು ಎಂದೂ ಭಾಷಣ ಮಾಡುವುದಿಲ್ಲ. ಮಗುವಿಗೆ ಬಾಯಾರಿದೆ ಎಂಬುದು ಅವರಿಗೆ ಮಾತ್ರ ಕಾಣುತ್ತದೆ.