ಬಾಯಿ ಬಿಡದ ಹವಳ

ಏನೋ ಮಿನುಗಿತು, ಗಾಜಿನ ಆಚೆ, ಕಂದು ಮುದ್ದೆಯ ಅಂಚಿನಲ್ಲಿ, ಇಲ್ಲ, ಮಿನುಗಿದ್ದು ಹವಳವಲ್ಲ, ಅದರ ಮೇಲೆ ಕವಿದಿರುವ ಮೇಣದಂಥ ಪೊರೆ, ದೀಪದ ಬೆಳಕು ಬಿದ್ದು ಹೊಳೆಯಿತಷ್ಟೆ, ಸತ್ತವರ ಮುಖವೂ ಹೀಗೇ ಹೊಳೆಯುತ್ತದಲ್ಲ — ಥೂ, ಬಿಡ್ತು ಅನ್ನು ಎಂದು ತನಗೆ ತಾನೇ ಗದರಿಕೊಂಡ, ಬಸ್ಸಿನ ಚುಕ್ಕಾಣಿ ಹಿಡಿದು ಬೆರಳು ದಪ್ಪಗಾದ ಆ ಮನುಷ್ಯ, ಹಜಾರದಲ್ಲಿ ಮಂಡಿಯೂರಿ, ಉಪ್ಪುನೀರಿನ ತೊಟ್ಟಿಗೆ ಮೂಗು ಆನಿಸಿ. ಹಿಂದೆ ಬೆತ್ತದ ಕುರ್ಚಿಯಲ್ಲಿ ಅಕ್ಕ, ಕುರ್ಚಿ ಕಿರುಗುಟ್ಟುತ್ತಿದೆ, ಅವಳ ಕಾಲಬುಡದಲ್ಲಿ ಬಕೆಟ್ಟು, ಬಕೆಟ್ಟಿನಲ್ಲಿ ಸುರುಳಿ ಸುತ್ತಿದ ರಬ್ಬರ್ ನಳಿಗೆ, ಸಂಜೆಯೊಳಗೆ ಹವಳ ಅರಳದಿದ್ದರೆ ತೊಟ್ಟಿ ಬರಿದು ಮಾಡು, ಗಾಜು ಯಾರಿಗಾದರೂ ಕೊಟ್ಟುಬಿಡು, ಸಾಕು ಎಂದು ಬೆಳಿಗ್ಗೆ ಪಿಸುಗುಟ್ಟಿದ್ದಳು. ಗಂಟಲಿಗೆ ಕತ್ತರಿ ಬಿದ್ದ ಮೇಲೆ ಪಿಸುಮಾತೊಂದೇ ಅವಳ ಪಾಲಿಗೆ, ದನಿ ಬರುತ್ತದೆ, ಪ್ರಯತ್ನಿಸಬೇಕು ಎಂದು ವೈದ್ಯರು ಹೇಳಿದರು, ಅವಳು ಪ್ರಯತ್ನಿಸಲೇ ಇಲ್ಲ, ಒಡೆದ ಗಂಟೆ ಯಾಕೆ ಬಾರಿಸಬೇಕು ಎಂದಳು. ಅದೂ ಯಾರ ಗಂಟಲು, ರೈಲು ನಿಲ್ದಾಣದಲ್ಲಿ ಇಡೀ ಊರಿಗೆ ಬಂಡಿಗಳ ವೇಳೆ ಹೇಳುತ್ತಿದ್ದವಳದು, ದಯವಿಟ್ಟು ಗಮನಿಸಿ ಎಂದರೆ ಓಡುವವರು ನಿಲ್ಲುತ್ತಿದ್ದರು, ನಿಂತವರು ಓಡುತ್ತಿದ್ದರು, ಬಂಡಿ ತಡವಾದ ಸುದ್ದಿಯನ್ನೂ ಜೇನು ಸವರಿ ಕೊಡುತ್ತಿದ್ದಳು, ನಿಲ್ದಾಣದ ಮುಂದೆ ಬಸ್ಸು ನಿಲ್ಲಿಸಿ ಕಿಟಕಿಯಿಂದ ಕೇಳಿಸಿಕೊಂಡು, ಅದು ನಮ್ಮಕ್ಕ ಎಂದು ಪಕ್ಕದ ಪ್ರಯಾಣಿಕರಿಗೆ ಹೇಳದೆ ಒಂದು ದಿನವೂ ಹೊರಟವನಲ್ಲ ಅವನು. ಇವಳಿಗೆ ಮೈಯೆಲ್ಲಾ ಬಾಯಿ ಎನ್ನುತ್ತಿದ್ದಳು ಅಮ್ಮ, ಬೈಗುಳದಲ್ಲಿ ಅರ್ಧ ಹೆಮ್ಮೆ ಬೆರೆಸಿ.

ಮತ್ತೆ ಆ ಬಾಯಿ ಈ ನೀರಿನ ಮುಂದೆ ಬಂದು ಕುಳಿತ ರೀತಿಯಾದರೂ ಎಂಥದು, ಬೇರೆಯವರಾದರೆ ತೊಟ್ಟಿ ತಂದ ದಿನವೇ ಬಣ್ಣಬಣ್ಣದ್ದನ್ನು ಸುರಿಯುತ್ತಿದ್ದರು, ಇವಳು ತಿಂಗಳುಗಟ್ಟಲೆ ಬರೀ ಕಲ್ಲನ್ನೂ ನೀರನ್ನೂ ನೋಡಿದಳು, ನೀರು ಹಣ್ಣಾಗಬೇಕು, ಜೀವ ತಾಳುವಂತಾಗಬೇಕು ಎಂದು, ಸೋಪು ಮುಟ್ಟದೆ ಮೊಣಕೈವರೆಗೆ ತೊಳೆದೇ ಕೈ ಇಳಿಸಿದಳು, ಮಟ್ಟ ತಗ್ಗಿತೆಂದು ಅವನು ಒಮ್ಮೆ ಉಪ್ಪುನೀರು ಹೊಯ್ಯಲು ಹೋದಾಗ ಮಣಿಕಟ್ಟು ಹಿಡಿದು, ಆವಿಯಾಗೋದು ನೀರು ಕಣೋ, ಉಪ್ಪು ಎಲ್ಲಿಗೂ ಹೋಗಲ್ಲ, ಸಪ್ಪೆ ನೀರು ಹಾಕು. ತಾಳ್ಮೆಯೆಂದರೆ ಅದು, ಅಂಥವಳು ಮೊದಲ ಹವಳ ತರಲು ತಮ್ಮನನ್ನು ಕಳಿಸಿದಳಲ್ಲ, ಚೆಂದದ್ದು ಬೇಡ, ಬದುಕುವಂಥದ್ದು ತಾ ಎಂದು, ಅವನೋ ಅಂಗಡಿಯ ಹೊಸ್ತಿಲು ದಾಟಿದ್ದೇ ತಡ ನೇರಳೆ ಕೊಂಬೆಯ ಗಟ್ಟಿ ಹವಳದ ಮುಂದೆ ಬಾಯಿಬಿಟ್ಟು ನಿಂತ, ಕೊಂಬೆ ಕೊಂಬೆಯ ತುದಿಯಲ್ಲೂ ನೀಲಿ ಕಿಡಿ, ಕನ್ನಡಕ ಹಣೆಗೇರಿಸಿದ ಅಂಗಡಿಯಾಕೆ ಪಕ್ಕಕ್ಕೆ ಬಂದು, ಅಣ್ಣ, ಅದು ಹೊಸ ಅಳಿಯನ ಹಾಗೆ, ಬೆಳಕು ಕಡಿಮೆಯಾದ್ರೂ ಮುನಿಸು, ನೀರು ಒಂಚೂರು ಹೆಚ್ಚುಕಡಿಮೆಯಾದ್ರೂ ಮುನಿಸು, ಮೊದಲ ಸಲಕ್ಕೆ ಬೇಡ. ಆಮೇಲೆ ತೋರಿಸಿದಳು ಒಂದೊಂದಾಗಿ, ಅಣಬೆ ಹವಳ, ಮಗುವಿನ ಕಿವಿಯಷ್ಟು ಮೆತ್ತಗೆ, ಮಬ್ಬಿನಲ್ಲೂ ಬದುಕುವ ಸಾಧು. ಗುಂಡಿ ಹವಳ, ಯಾವ ದರ್ಜಿಯೂ ಕಂಡಿರದ ಹಸಿರು ಕಿತ್ತಳೆ ಗುಂಡಿಗಳು, ಆದರೆ ಮೈಯಲ್ಲಿ ವಿಷ, ಗಾಯದ ಕೈಯಲ್ಲಿ ಮುಟ್ಟಬಾರದು. ನಕ್ಷತ್ರದ ಹುಲ್ಲು, ಗಾಳಿ ಬೀಸಿದ ಗದ್ದೆಯಂತೆ ತೊನೆಯುತ್ತ, ಇದನ್ನ ಬೇರೆ ಕಲ್ಲಿನ ಮೇಲಿಡಿ, ಬೆರಳು ತೋರಿಸಿದ್ರೆ ಹಸ್ತ ನುಂಗೋ ಜಾತಿ. ಎಲ್ಲವೂ ಸುಲಭದವಂತೆ, ಸುಲಭದವೇ ಇಷ್ಟು ಸೊಗಸಾದರೆ ಕಷ್ಟದವನ್ನು ಸಾಕುವ ಹುಚ್ಚು ಯಾಕೆ ಎಂದು ಅವನು ಬೆರಗಾಗಿರುವಾಗಲೇ ಕಂಡಿತು, ಮೂಲೆಯಲ್ಲಿ, ಕೊಡೆಯಾಕಾರದ ಕಂದು ತೊಗಲು ಹವಳ, ಮೈತುಂಬ ಬಿಳಿ ಎಳೆಗಳು, ಒಂದೊಂದು ಎಳೆಯ ತುದಿಯಲ್ಲಿ ಎಂಟು ಗರಿ, ಗರಿಗಳ ನಡುವೆ ಒಂದು ಬಾಯಿ, ಅಷ್ಟೂ ಬಾಯಿಯೇ ಎಂದಳು ಅಂಗಡಿಯಾಕೆ — ಮೈಯೆಲ್ಲಾ ಬಾಯಿ — ಇದನ್ನೇ ಕೊಡಿ ಎಂದುಬಿಟ್ಟ.

ತಂದ ವಾರವೆಲ್ಲ ಅಕ್ಕ ನಕ್ಕಿದ್ದಳು, ದನಿಯಿಲ್ಲದ ನಗು, ಭುಜ ಕುಣಿಯುವುದು ಮಾತ್ರ. ಆಮೇಲೆ ಒಂದು ಬೆಳಿಗ್ಗೆ ಅಷ್ಟೂ ಬಾಯಿ ಮುಚ್ಚಿತ್ತು, ಮರುದಿನವೂ, ಅದರ ಮರುದಿನವೂ, ಮೇಲೆ ಪೊರೆ ಕಟ್ಟಿತು, ಅಕ್ಕನ ಅಂಗೈ ಗಂಟಲ ಮೇಲೆ ಹೋಗಿ ಕುಳಿತದ್ದು ಇಳಿಯಲಿಲ್ಲ, ನನ್ನ ಕೈಗುಣ ಎಂದಳು, ಮುಟ್ಟಿದ್ದೆಲ್ಲ ಮೂಕ. ಇವತ್ತು ಮಧ್ಯಾಹ್ನ ಡಿಪೋದಿಂದ ಫೋನು ಮಾಡಿದರೆ ಅಂಗಡಿಯಾಕೆ ನಕ್ಕಳು, ಸತ್ತಿದ್ರೆ ನಿಮ್ಮ ಮೂಗೇ ಹೇಳ್ತಿತ್ತು ಅಣ್ಣ, ಅದು ಪೊರೆ ಬಿಡ್ತಿದೆ, ಎಲ್ಲರೂ ಇಲ್ಲೇ ಮೋಸ ಹೋಗಿ ಎತ್ತಿ ಎಸೀತಾರೆ, ಪಂಪ್ ಅದರ ಕಡೆ ತಿರುಗಿಸಿ, ಕೈ ಹಾಕಿ ಕೀಳ್ಬೇಡಿ. ಅಕ್ಕನಿಗೆ ಹೇಳಿದ, ನಂಬಲಿಲ್ಲ, ಸಮಾಧಾನ ಹೇಳೋದ್ರಲ್ಲಿ ನೀನು ಮೊದಲಿಂದ್ಲೂ ಗಟ್ಟಿಗ ಎಂದು ಬಕೆಟ್ಟು ತಂದಿಟ್ಟಳು. ಪಂಪು ತಿರುಗಿಸಿಯಾಯಿತು, ನೀರು ಬಡಿಯುತ್ತಿದೆ, ಕಿಟಕಿಯ ಬೆಳಕು ನೆಲದ ಮೇಲೆ ತೆವಳಿ ಬಕೆಟ್ಟಿನ ಅಂಚು ಹತ್ತುತ್ತಿದೆ, ಮೇಣದಂಥ ಹೊಳಪು ಹಾಗೇ ಇದೆ, ಹಾವು ಪೊರೆ ಬಿಡುವಾಗ ಅದಕ್ಕೂ ಕಣ್ಣು ಮಂಜಂತೆ, ಆಗ ಅದಕ್ಕೆ ಗೊತ್ತಿರುತ್ತದೆಯೋ ಇದು ಸಾವಲ್ಲವೆಂದು — ಕುರ್ಚಿ ಕಿರುಗುಟ್ಟಿತು, ಎದ್ದಳೇ, ನಳಿಗೆ ಎತ್ತಿಕೊಂಡಳೇ, ತಿರುಗಬೇಕು, ತಿರುಗಲಾರ, ಏಕೆಂದರೆ ಅಂಚಿನಲ್ಲಿ ಪೊರೆ ಅಲುಗಿದೆ, ಒಂದು ಮೂಲೆ ಎದ್ದಿದೆ, ಒದ್ದೆ ಕಾಗದದಂತೆ ಪಟಪಟನೆ ನಡುಗಿ, ಸುಲಿದು, ಜಾರಿ, ತೇಲಿಹೋಯಿತು, ಅಡಿಯಲ್ಲಿ ಹೊಸ ಮೈ, ಎಳೆಯ ಕಂದು, ಅವನು ಇನ್ನಷ್ಟು ಬಾಗುತ್ತಾನೆ, ಆಗ ಬೆನ್ನ ಹಿಂದೆ, ಜಲ್ಲಿಕಲ್ಲಿನ ಮೇಲೆ ಚಕ್ರ ಹಾಯ್ದಂತೆ, ಒಡೆದು ಸೀಳಿದ್ದು, ಆದರೂ ಪಿಸುಮಾತಲ್ಲ, ದನಿ, ಬೆಳಕಿಗೆ ಅಡ್ಡ ಬರ್ಬೇಡ್ವೋ ದಪ್ಪಣ್ಣ, ಆ ಕಡೆ ಸರಿ. ಸರಿದ. ತಿರುಗಲಿಲ್ಲ, ನೋಡಿದರೆ ಮುಚ್ಚಿಕೊಂಡುಬಿಟ್ಟಾಳು, ಉಸಿರು ಬಿಗಿಹಿಡಿದ, ಅಂಚಿನಲ್ಲಿ ಎಂಟು ಗರಿ, ಒಂದು ಬಾಯಿ, ತೆರೆದದ್ದು, ಎಂಟು ಗರಿ, ಒಂದು ಬಾಯಿ —